ಅಜ್ಜಿಯ ಹಸಿವು ಮೊಮ್ಮಕ್ಕಳ ಮೈಯಲ್ಲಿ ಇರುತ್ತಾ?

ತಟ್ಟೆಯಲ್ಲಿ ಒಂದು ಅಗುಳು ಬಿಟ್ಟರೂ ಅಜ್ಜಿ ಬೈತಿದ್ದದ್ದು ನಿಮಗೆ ನೆನಪಿರಬೇಕು. ಬರ ಕಂಡವರ ಮಾತು ಅದು. ಈಗ ಪರದೇಶದಲ್ಲಿ, ಫ್ರಿಜ್ ತುಂಬ ಊಟ ಇಟ್ಟುಕೊಂಡು, ನಾವೂ ಮಕ್ಕಳಿಗೆ ಅದನ್ನೇ ಹೇಳ್ತೀವಿ. ಹಸಿವು ಹೀಗೆ ಮಾತಿನಲ್ಲಿ ಇಳಿದು ಬರುತ್ತೆ, ಸರಿ. ಮೈಯಲ್ಲೂ ಇಳಿದು ಬರುತ್ತಾ? ಇವತ್ತು ಅದನ್ನು ನೋಡೋಣ.

1944ರ ಕೊನೆ. ನೆದರ್‌ಲ್ಯಾಂಡ್ಸಿನ ರೈಲ್ವೆ ಮುಷ್ಕರಕ್ಕೆ ಪ್ರತೀಕಾರವಾಗಿ ಜರ್ಮನ್ ಆಡಳಿತ ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆಯಿತು. ಆಮೇಲೆ ನಿರ್ಬಂಧ ಸಡಿಲಿಸಿದರೂ ಕಾಲುವೆಗಳು ಹೆಪ್ಪುಗಟ್ಟಿದವು. ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟ್ಯುಲಿಪ್ ಗಡ್ಡೆ ತಿಂದರು. ಸುಮಾರು 20,000 ಮಂದಿ ಸತ್ತರು. 1945ರ ಮೇನಲ್ಲಿ ಬಿಡುಗಡೆಯಾಯಿತು, ಊಟ ಮತ್ತೆ ಸಿಕ್ಕಿತು.

ಈ ಬರದ ಆರಂಭ, ಅಂತ್ಯ ಎರಡೂ ಸ್ಪಷ್ಟ. ಜನನ ದಾಖಲೆಗಳೂ ಉಳಿದಿದ್ದವು. ಹಾಗಾಗಿ ಆಗ ತಾಯಿಯ ಹೊಟ್ಟೆಯಲ್ಲಿದ್ದವರನ್ನು ಹುಡುಕಲು ಸಾಧ್ಯವಾಯಿತು. 2008ರಲ್ಲಿ ಲೈಡನ್‌ನ ಬಾಸ್ಟಿಯಾನ್ ಹೈಮನ್ಸ್ ಮತ್ತು ಸಂಗಡಿಗರು, ಬರದ ಸಮಯದಲ್ಲಿ ಗರ್ಭ ನಿಂತು ಹುಟ್ಟಿದವರನ್ನು ಅವರ ಸ್ವಂತ ಅಣ್ಣತಮ್ಮ, ಅಕ್ಕತಂಗಿಯರ ಜೊತೆ ಹೋಲಿಸಿದರು. ಆರು ದಶಕ ಕಳೆದಿದ್ದರೂ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಜೀನ್ ಮೇಲೆ ಮೀಥೈಲ್ ಗುರುತುಗಳು ಅವರಲ್ಲಿ ಕಡಿಮೆ ಇದ್ದವು.

ಏನಿದು ಗುರುತು? ಅಡುಗೆ ಪುಸ್ತಕದ ಅಂಚಿನಲ್ಲಿ ಅಮ್ಮ ಪೆನ್ಸಿಲ್‌ನಲ್ಲಿ "ಉಪ್ಪು ಕಡಿಮೆ ಹಾಕು" ಅಂತ ಬರೆದಿಡ್ತಾರಲ್ಲ, ಹಾಗೆ. ಅಚ್ಚಾದ ಅಕ್ಷರ ಬದಲಾಗಲ್ಲ, ಅಡುಗೆ ಬದಲಾಗುತ್ತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಇದರಿಂದ ಹಸಿವು ವಂಶಪಾರಂಪರ್ಯ ಅಂತ ಸಾಬೀತಾಗಲ್ಲ. ಆ ಮಕ್ಕಳು ಗರ್ಭದಲ್ಲೇ ಸ್ವತಃ ಹಸಿದವರು. ಹೆಣ್ಣು ಭ್ರೂಣವಾದರೆ, ಮುಂದೆ ಅವಳ ಮಕ್ಕಳಾಗಬೇಕಾದ ಅಂಡಗಳೂ ಆಗಲೇ ರೂಪುಗೊಳ್ಳುತ್ತಿರುತ್ತವೆ. ಅಂದ್ರೆ ಒಬ್ಬ ಗರ್ಭಿಣಿಯ ಹಸಿವು ಮೂರು ತಲೆಮಾರನ್ನು ನೇರವಾಗಿಯೇ ಮುಟ್ಟುತ್ತೆ. ಅದಕ್ಕೂ ಆಚೆ, ಮರಿಮಕ್ಕಳಲ್ಲಿ ಗುರುತು ಉಳಿದರೆ ಮಾತ್ರ ಅದು ವಂಶಕ್ಕೆ ಇಳಿಯಿತು ಅನ್ನಬಹುದು. ಮನುಷ್ಯರಲ್ಲಿ ಅದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ಯಾಕಂದ್ರೆ ಅಂಡ, ವೀರ್ಯಾಣು ರೂಪುಗೊಳ್ಳುವಾಗ ಒಮ್ಮೆ, ಗರ್ಭ ನಿಂತ ಕೂಡಲೇ ಇನ್ನೊಮ್ಮೆ, ದೇಹ ಈ ಪೆನ್ಸಿಲ್ ಬರಹವನ್ನು ಬಹುಪಾಲು ಅಳಿಸಿಬಿಡುತ್ತೆ.

ಹಾಗಾಗಿ "ನಿನ್ನ ಶುಗರ್‌ಗೆ ಅಜ್ಜಿಯ ಬರಗಾಲವೇ ಕಾರಣ" ಅಂತ ವಾಟ್ಸಾಪ್‌ನಲ್ಲಿ ಬಂದರೆ ಸುಲಭವಾಗಿ ನಂಬಬೇಡಿ. ತಾಯಂದಿರ ಮೇಲೂ ತಪ್ಪು ಹೊರಿಸಬೇಡಿ; ಅಲ್ಲಿ ಊಟ ತಡೆದದ್ದು ಜರ್ಮನ್ ಆಡಳಿತ. ಗರ್ಭಿಣಿಗೆ ಹೊಟ್ಟೆ ತುಂಬ ಊಟ ಸಿಗಬೇಕು ಅನ್ನೋದಷ್ಟೇ ಇಲ್ಲಿ ಖಚಿತವಾಗಿ ಕಲಿಯೋ ಪಾಠ.

ಇನ್ನು ಅಗುಳಿನ ವಿಷಯ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಅಜ್ಜಿ ಇದ್ದರೆ ಕೇಳಿ: ಅದು ಯಾವ ವರ್ಷದ ಬರ, ಆಗ ಏನು ತಿಂದಿರಿ ಅಂತ. ಆ ನೆನಪು ನಾವು ಕೇಳಿದರೆ ಮಾತ್ರ ನಮಗೆ ಬರುತ್ತೆ.