ಪಿಲಾತನ ಹೆಸರು ಹೊತ್ತ ಕಲ್ಲು

ಪ್ರೇಷಿತರ ವಿಶ್ವಾಸ ಪ್ರಮಾಣದಲ್ಲಿ ಯೇಸುವನ್ನು ಬಿಟ್ಟರೆ ಹೆಸರು ಹಿಡಿದು ಹೇಳುವುದು ಇಬ್ಬರನ್ನು ಮಾತ್ರ. ಒಬ್ಬರು ಕನ್ಯಾಮರಿಯಮ್ಮ. ಇನ್ನೊಬ್ಬ ಪೊಂತ್ಯ ಪಿಲಾತ, ಯೇಸುವನ್ನು ಶಿಲುಬೆಗೆ ಒಪ್ಪಿಸಿದ ರೋಮನ್ ಅಧಿಕಾರಿ. ಪ್ರಾರ್ಥನೆಯ ಓಟದಲ್ಲಿ ಆ ಹೆಸರು ಹಾಗೇ ಸರಿದುಹೋಗುತ್ತದೆ. ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿನಲ್ಲಿ ಮಾತ್ರ ಅದು ಕಲ್ಲಿನ ಮೇಲೆ ಕೂತು ನಮ್ಮನ್ನು ನಿಲ್ಲಿಸುತ್ತದೆ.

ಸುಮಾರು 82 ಸೆಂಟಿಮೀಟರ್ ಎತ್ತರದ ಸುಣ್ಣಕಲ್ಲಿನ ಚಪ್ಪಡಿ. 1961ರಲ್ಲಿ ಇಟಲಿಯ ಪುರಾತತ್ತ್ವಜ್ಞ ಅಂಟೋನಿಯೊ ಫ್ರೋವಾ ಅವರ ತಂಡ ಸಮುದ್ರತೀರದ ಕೈಸರೈಯದಲ್ಲಿ ರೋಮನ್ ರಂಗಮಂದಿರವನ್ನು ಅಗೆಯುತ್ತಿದ್ದಾಗ ಸಿಕ್ಕಿತು. ಯಾರೋ ಅದನ್ನು ಮೆಟ್ಟಿಲಿಗೆ ಬಳಸಿಬಿಟ್ಟಿದ್ದರು. ಶಾಸನದ ಕಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡ ಊರುಗಳ ನಮಗೆ ಇದೇನೂ ಆಶ್ಚರ್ಯವಲ್ಲ. ಎಡಭಾಗ ಅಳಿಸಿಹೋಗಿದೆ. ಉಳಿದ ಲ್ಯಾಟಿನ್ ಅಕ್ಷರಗಳಲ್ಲಿ ಚಕ್ರವರ್ತಿ ತಿಬೇರಿಯನ ಗೌರವಕ್ಕೆ ಕಟ್ಟಿದ ಕಟ್ಟಡದ ಪ್ರಸ್ತಾಪ, ಅದರ ಕೆಳಗೆ ಪಿಲಾತನ ಹೆಸರು, ಯೂದಾಯದ ಪ್ರಿಫೆಕ್ಟ್ ಎಂಬ ಅವನ ಹುದ್ದೆ. ಬಹಳ ಕಾಲದ ಮೇಲೆ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದ ಹುದ್ದೆ ಬೇರೆ. ಸರಿಯಾದುದು ಕಲ್ಲಿನದೇ.

ಇದರಲ್ಲಿ ಯೇಸುವಿನ ಸುದ್ದಿಯೇ ಇಲ್ಲ. ಇದನ್ನು ಕೆತ್ತಿಸಿದವನ ಗಮನವೆಲ್ಲ ದೊರೆಯ ಮೇಲೆ. ನನಗೆ ಈ ಕಲ್ಲು ಹೆಚ್ಚು ಹಿಡಿಸುವುದು ಅದಕ್ಕೇ. ಯಾರ ನಂಬಿಕೆಯನ್ನೂ ಗಟ್ಟಿಮಾಡುವ ಉದ್ದೇಶದಿಂದ ಹುಟ್ಟಿದ್ದಲ್ಲ ಇದು. ಪುನರುತ್ಥಾನವನ್ನು ಯಾವ ಕಲ್ಲೂ ಸಾಬೀತು ಮಾಡಲಾರದು. ಆದರೆ ಶಿಲುಬೆಯ ಘಟನೆ ಒಂದಾನೊಂದು ಕಾಲದ ಕಥೆಯಲ್ಲ, ಇಂಥ ಸೀಮೆಯಲ್ಲಿ ಇಂಥವನ ಆಡಳಿತದಲ್ಲಿ ನಡೆದದ್ದು ಎಂಬುದು ಇಲ್ಲಿ ನಿಂತವರಿಗೆ ಬೇರೆಯೇ ತೂಕದಲ್ಲಿ ತಿಳಿಯುತ್ತದೆ.

ಇದೇ ಮ್ಯೂಸಿಯಮ್ಮಿನಲ್ಲಿ ಅಸ್ಥಿಪೆಟ್ಟಿಗೆಗಳೂ ಇವೆ. ಹೂವಿನ ಕೆತ್ತನೆಯ ಒಂದರ ಮೇಲೆ ಕಾಯಫನ ಮನೆತನದ ಹೆಸರಿದೆ, 1990ರಲ್ಲಿ ಸಿಕ್ಕಿದ್ದು. ಅದು ಯೇಸುವಿನ ವಿಚಾರಣೆ ನಡೆಸಿದ ಮಹಾಯಾಜಕ ಕಾಯಫನದೇ ಎಂದು ಹಲವು ವಿದ್ವಾಂಸರು ಒಪ್ಪುತ್ತಾರೆ, ಎಲ್ಲರೂ ಅಲ್ಲ. 1968ರಲ್ಲಿ ಜೆರುಸಲೇಮಿನ ಉತ್ತರಕ್ಕೆ ದೊರೆತ ಇನ್ನೊಂದು ಪೆಟ್ಟಿಗೆಯಲ್ಲಿದ್ದವನು ಯೆಹೋಹಾನಾನ್ ಎಂಬವನು. ಅವನ ಹಿಮ್ಮಡಿಯ ಮೂಳೆಯಲ್ಲಿ ಕಬ್ಬಿಣದ ಮೊಳೆ ಹಾಗೆಯೇ ಉಳಿದಿತ್ತು, ತುದಿ ಡೊಂಕಾಗಿ. ಕೀಳಲು ಬಾರದೆ ಮನೆಯವರು ಮೊಳೆಸಮೇತ ಸಮಾಧಿ ಮಾಡಿದ್ದಿರಬೇಕು. ಶಿಲುಬೆಗೇರಿದವರ ಹೆಣವನ್ನು ಬಂಧುಗಳಿಗೆ ಕೊಡುತ್ತಲೇ ಇರಲಿಲ್ಲ, ಹಾಗಾಗಿ ಯೇಸುವಿನ ದೇಹವನ್ನು ಕೇಳಿ ಪಡೆದು ಸಮಾಧಿ ಮಾಡಿದ ಅರಿಮಥಾಯದ ಯೋಸೇಫನ ಪ್ರಸಂಗ ನಂಬುವಂಥದ್ದಲ್ಲ ಎಂದು ವಾದಿಸುವವರಿಗೆ ಈ ಪೆಟ್ಟಿಗೆ ಕೊಂಚ ತೊಡಕು.

ಇಷ್ಟರಿಂದಲೇ ಹಳೆಯದೆಲ್ಲವನ್ನೂ ಕಣ್ಣಿಗೊತ್ತಿಕೊಳ್ಳಬೇಕಿಲ್ಲ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ಮೃತ ಸಮುದ್ರದ ಸುರುಳಿಗಳೆಂದು ಇಟ್ಟುಕೊಂಡಿದ್ದ 16 ತುಣುಕುಗಳೂ ನಕಲಿ ಎಂದು 2020ರಲ್ಲಿ ಹೊರಬಿತ್ತು. ಭಕ್ತಿಗೆ ಅವಸರವಾದಾಗ ಮಾರಾಟಗಾರರಿಗೆ ಸುಗ್ಗಿ.

ಅಸಲಿ ಸುರುಳಿಗಳನ್ನು ನೋಡಲು ಇಸ್ರೇಲ್ ಮ್ಯೂಸಿಯಮ್ಮಿನ ಆವರಣದಲ್ಲೇ 1965ರಲ್ಲಿ ತೆರೆದ ‘ಗ್ರಂಥ ಮಂದಿರ’ಕ್ಕೆ ಬರಬೇಕು. ಸುರುಳಿಗಳು ಸಿಕ್ಕ ಮಣ್ಣಿನ ಜಾಡಿಯ ಮುಚ್ಚಳದಂತೆಯೇ ಕಟ್ಟಿದ ಬಿಳಿಯ ಗುಮ್ಮಟ, ಎದುರಿಗೆ ಕಪ್ಪುಕಲ್ಲಿನ ಗೋಡೆ. ಕುಮ್ರಾನಿನ ಗುಹೆಯಲ್ಲಿ 1947ರಲ್ಲಿ ಸಿಕ್ಕ ಯೆಶಾಯನ ಸುರುಳಿ ಏಳು ಮೀಟರಿಗೂ ಉದ್ದ. ಆಗ ತಿಳಿದಿದ್ದ ಹೀಬ್ರೂ ಹಸ್ತಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಪಾಠ ಬಹುಮಟ್ಟಿಗೆ ಹೊಂದುತ್ತದೆ, ಅಲ್ಲಲ್ಲಿ ವ್ಯತ್ಯಾಸಗಳೂ ಇವೆ. 40ನೆಯ ಅಧ್ಯಾಯದಲ್ಲಿ ಲಿಪಿಕಾರ ಬಿಟ್ಟುಬಿಟ್ಟ ಮಾತನ್ನು ಇನ್ನೊಂದು ಕೈ ಸಾಲುಗಳ ನಡುವೆ ತುರುಕಿ, ಜಾಗ ಸಾಲದೆ ಅಂಚಿಗೂ ಇಳಿಸಿದೆ. ದೇವರ ವಾಕ್ಯ ಮನುಷ್ಯರ ಕೈ ದಾಟಿ, ತಪ್ಪಿ, ತಿದ್ದಿಸಿಕೊಂಡು ಬಂದದ್ದನ್ನು ನೋಡಿ ಅಳುಕುವವರು ಇರಬಹುದು. ನನಗಂತೂ ಆ ತಿದ್ದಿದವನ ಕಾಳಜಿಯ ಮೇಲೆ ಗೌರವ ಹೆಚ್ಚುತ್ತದೆ.

ಗುಮ್ಮಟದ ನಡುವೆ ಸುತ್ತಲೂ ಹರಡಿರುವ ಯೆಶಾಯನ ಸುರುಳಿ ನಕಲು. ಬೆಳಕಿಗೆ ಚರ್ಮ ಕೆಡುವುದರಿಂದ ಅಸಲಿ ಹಾಳೆಗಳನ್ನು ಸರದಿಯಂತೆ, ಮಂದ ಬೆಳಕಿನಲ್ಲಿ ಇಡುತ್ತಾರೆ. ಪವಿತ್ರ ನಾಡಿನ ಯಾತ್ರೆಗೆ ಹೆಸರು ಕೊಡುವವರು ಪಟ್ಟಿಯಲ್ಲಿ ಈ ಮ್ಯೂಸಿಯಂ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅರ್ಧ ದಿನವಾದರೂ ಬೇಕು.