ಬ್ರೋಚಿನ ಬೆನ್ನಿನಲ್ಲಿರುವ ಕಥೆ

ಲಂಡನ್ ನಗರದ ಪೋರ್ಟೊಬೆಲ್ಲೊ ರಸ್ತೆಯಲ್ಲಿ ಶನಿವಾರ ಬೆಳಗಾಯಿತೆಂದರೆ ಹಳೆಯ ವಸ್ತುಗಳ ಸಂತೆ ನೆರೆಯುತ್ತದೆ. ಬೆಳ್ಳಿಯ ಚಮಚ, ಪಿಂಗಾಣಿ ತಟ್ಟೆ, ನಿಂತುಹೋದ ಗಡಿಯಾರ, ಯಾರದೋ ಮದುವೆಯ ಭಾವಚಿತ್ರ, ಇವುಗಳ ನಡುವೆ ಮಖಮಲ್ಲಿನ ಹಲಗೆಯ ಮೇಲೆ ಸಾಲಾಗಿ ಚುಚ್ಚಿಟ್ಟ ಬ್ರೋಚುಗಳು ಮಿನುಗುತ್ತಿರುತ್ತವೆ. ಹೊಸಬರು ಹರಳಿನ ಹೊಳಪಿಗೆ ಮಾರುಹೋಗಿ ಕೂಡಲೇ ಬೆಲೆ ಕೇಳುತ್ತಾರೆ. ಪಳಗಿದವರ ರೀತಿಯೇ ಬೇರೆ. ಅವರು ಬ್ರೋಚನ್ನು ಕೈಗೆತ್ತಿಕೊಂಡೊಡನೆ ಬೋರಲು ಹಾಕಿ, ಭೂತಗನ್ನಡಿ ಹಿಡಿದು, ಅದರ ಬೆನ್ನನ್ನು ನೋಡುತ್ತಾರೆ. ಮುಖವನ್ನು ನೋಡುವುದು ಅನಂತರ.

ಇದರಲ್ಲಿ ಅರ್ಥವಿದೆ. ಬ್ರೋಚಿನ ಮುಖ ಲೋಕದ ಕಣ್ಣಿಗಾಗಿ ಮಾಡಿದ್ದು. ಬೆನ್ನು ಧರಿಸುವವರ ಎದೆಗೆ ತಾಗುವಂಥದು. ಮುಖ ಸುಳ್ಳಾಡಬಹುದು, ಗಾಜು ವಜ್ರವೆನಿಸಬಹುದು, ಹಿತ್ತಾಳೆ ಚಿನ್ನವೆನಿಸಬಹುದು. ಬೆನ್ನು ಸುಳ್ಳಾಡುವುದು ಅಪರೂಪ. ಹಳೆಯ ಬ್ರೋಚನ್ನು ಆರಿಸುವ ವಿದ್ಯೆಯೆಲ್ಲವೂ ಬಹುಮಟ್ಟಿಗೆ ಈ ಬೆನ್ನನ್ನು ಓದುವ ವಿದ್ಯೆಯೇ.

ದುಡಿಮೆಗೆ ಹುಟ್ಟಿದ ಒಡವೆ

ಬಳೆ, ಓಲೆ, ಹಾರಗಳು ಅಲಂಕಾರಕ್ಕಾಗಿ ಹುಟ್ಟಿದವು. ಬ್ರೋಚು ಹಾಗಲ್ಲ, ಅದು ಕೆಲಸಕ್ಕಾಗಿ ಹುಟ್ಟಿತು. ಗುಂಡಿ, ಕಾಜಗಳು ಬಳಕೆಗೆ ಬರುವ ಎಷ್ಟೋ ಮೊದಲೇ ಯುರೋಪಿನ ಜನ ತಾವು ಹೊದ್ದ ಉಣ್ಣೆಯ ಬಟ್ಟೆ ಜಾರದಂತೆ ಹೆಗಲ ಬಳಿ ಲೋಹದ ಸೂಜಿಯೊಂದನ್ನು ಚುಚ್ಚುತ್ತಿದ್ದರು. ರೋಮನರು ಅದನ್ನು ‘ಫಿಬ್ಯುಲ’ ಎಂದರು. ಅಮೆರಿಕದ ವಾಲ್ಟರ್ ಹಂಟ್ ಎಂಬಾತ 1849ರಲ್ಲಿ ಸೇಫ್ಟಿ ಪಿನ್ನಿಗೆ ಪೇಟೆಂಟು ಪಡೆದನಾದರೂ, ತಂತಿಯನ್ನು ಸುರುಳಿ ಸುತ್ತಿ ಸೂಜಿಗೆ ಬಿಗುವು ತರುವ ಉಪಾಯ ರೋಮನರ ಕಾಲಕ್ಕೇ ಹಳೆಯದಾಗಿತ್ತು.

ದುಡಿಯುವ ಈ ಸೂಜಿಯ ಮೇಲೆ ಕುಶಲಿಗಳ ಕೈ ಆಡಿ ಅದು ಒಡವೆಯಾಯಿತು. 1850ರಲ್ಲಿ ಐರ್ಲೆಂಡಿನ ಬೆಟಿಸ್‌ಟೌನ್ ಎಂಬಲ್ಲಿ, ಕಡಲ ದಂಡೆಯ ಸಮೀಪ, ಸುಮಾರು ಎಂಟನೆಯ ಶತಮಾನದ ಆದಿಭಾಗದ ಬ್ರೋಚೊಂದು ದೊರೆಯಿತು. ಬೆಳ್ಳಿಗೆ ಚಿನ್ನದ ಲೇಪ ಕೊಟ್ಟು, ಕೂದಲೆಳೆಯಂಥ ತಂತಿಯ ಕುಸುರಿಯಿಂದ ತುಂಬಿದ ಅದು ಇಂದು ಡಬ್ಲಿನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಕೊಂಡ ವ್ಯಾಪಾರಿ, ಐರ್ಲೆಂಡಿನ ಪ್ರಾಚೀನ ಅರಸರ ಪೀಠವೆಂದು ಹೆಸರಾದ ತಾರಾ ಗುಡ್ಡದ ಹೆಸರನ್ನು ಅದಕ್ಕಿಟ್ಟನು. ಆ ಗುಡ್ಡಕ್ಕೂ ಈ ಒಡವೆಗೂ ಯಾವ ಸಂಬಂಧವೂ ಇರಲಿಲ್ಲ. ಮಾರಾಟಕ್ಕೆ ಒದಗುವ ಹೆಸರು ಬೇಕಾಗಿತ್ತು, ಅಷ್ಟೆ. ಹೆಸರು ಸುಳ್ಳಾದರೂ ಕೆಲಸ ಸುಳ್ಳಲ್ಲ. ‘ತಾರಾ ಬ್ರೋಚ’ನ್ನು ತಿರುಗಿಸಿ ನೋಡಿದವರು ಬೆರಗಾಗುತ್ತಾರೆ, ಯಾರಿಗೂ ಕಾಣದ ಅದರ ಬೆನ್ನಿನ ಮೇಲೂ ಆ ಅಜ್ಞಾತ ಕುಶಲಿ ಮುಖದಷ್ಟೇ ಶ್ರದ್ಧೆಯಿಂದ ಚಿತ್ತಾರ ಬಿಡಿಸಿದ್ದಾನೆ.

ಬೆನ್ನು ನುಡಿಯುವ ಸಾಕ್ಷ್ಯ

ಸಾಮಾನ್ಯರ ಕೈಗೆ ಇಂದು ಸಿಕ್ಕುವ ಹಳೆಯ ಬ್ರೋಚುಗಳು ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದವು, ಇಲ್ಲವೆ ಅದರಿಂದೀಚಿನವು. ಇವುಗಳ ವಯಸ್ಸನ್ನು ತಿಳಿಯಲು ಮೊದಲು ನೋಡಬೇಕಾದದ್ದು ಕೊಂಡಿಯನ್ನು. ವಿಕ್ಟೋರಿಯಾ ರಾಣಿಯ ಕಾಲದ ಬ್ರೋಚಿನಲ್ಲಿ ಕೊಂಡಿಯೆಂದರೆ ಬಾಗಿಸಿದ ಒಂದು ಸಣ್ಣ ತುಂಡು. ಸೂಜಿ ಅದರೊಳಗೆ ಸುಮ್ಮನೆ ಕೂರುತ್ತದೆ, ಬೀಗವಿಲ್ಲ. ಸೂಜಿಯ ಮೊನೆಯೂ ಅನೇಕ ವೇಳೆ ಬ್ರೋಚಿನ ಅಂಚನ್ನು ದಾಟಿ ಹೊರಚಾಚಿರುತ್ತದೆ. ತಿರುಗಿಸಿ ಭದ್ರಪಡಿಸುವ ಕೊಂಡಿ ಸಾಮಾನ್ಯವಾದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಆದ್ದರಿಂದ ನೂರೈವತ್ತು ವರ್ಷದ ಹಳಮೆಯೆಂದು ಹೇಳಿ ಮಾರುವ ಬ್ರೋಚಿಗೆ ತಿರುಗುವ ಕೊಂಡಿಯಿದ್ದರೆ, ಒಂದೋ ಮಾತು ಸುಳ್ಳು, ಇಲ್ಲವೆ ಕೊಂಡಿಯನ್ನು ಬದಲಿಸಲಾಗಿದೆ. ಬದಲಿಸಿದ್ದಾದರೆ ಅಲ್ಲಿ ಬೂದುಬಣ್ಣದ ಸೀಸದ ಬೆಸುಗೆ ಮಚ್ಚೆಯಂತೆ ಕಾಣುವುದುಂಟು.

ಎರಡನೆಯದು ಮುದ್ರೆ. ಇಂಗ್ಲೆಂಡಿನಲ್ಲಿ ಬೆಳ್ಳಿಯ ಮೇಲೆ ನಡೆಯುವ ಸಿಂಹದ ಗುರುತಿದ್ದರೆ ಸಾವಿರಕ್ಕೆ 925 ಭಾಗ ಶುದ್ಧ ಬೆಳ್ಳಿಯೆಂದು ಅರ್ಥ. ಪಕ್ಕದಲ್ಲಿ ಲಂಗರಿನ ಚಿಹ್ನೆಯಿದ್ದರೆ, 1773ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಕಚೇರಿಯಲ್ಲಿ ಅದು ಒರೆಗೆ ಹತ್ತಿದ್ದು. ಮತ್ತೊಂದು ಅಕ್ಷರ ವರ್ಷವನ್ನು ಸೂಚಿಸುತ್ತದೆ. ಚಿನ್ನದ ಮೇಲೆ 15 ಕ್ಯಾರಟ್ ಎಂಬ ಗುರುತು ಕಂಡರೆ ಇನ್ನೂ ಸುಲಭ: ಈ ದರ್ಜೆ ಬ್ರಿಟನ್ನಿನಲ್ಲಿ ಜಾರಿಗೆ ಬಂದದ್ದು 1854ರಲ್ಲಿ, ರದ್ದಾದದ್ದು 1932ರಲ್ಲಿ. ಮುದ್ರೆಯಿಲ್ಲದ ಮಾತ್ರಕ್ಕೆ ಒಡವೆ ಖೋಟಾ ಎನ್ನಲಾಗದು. ಆ ಕಾಲದ ಎಷ್ಟೋ ಅಪ್ಪಟ ಚಿನ್ನದ ಬ್ರೋಚುಗಳಿಗೆ ಮುದ್ರೆಯೇ ಇಲ್ಲ.

ಇನ್ನು ಚಿನ್ನ ಬೆಳ್ಳಿಯಲ್ಲದ ಬ್ರೋಚುಗಳಿಗೂ ಇಂದು ಬೆಲೆಯುಂಟು. ಬೇಕ್‌ಲೆಂಡ್ ಎಂಬ ರಸಾಯನಶಾಸ್ತ್ರಜ್ಞ 1907ರಲ್ಲಿ ಕಂಡುಹಿಡಿದ ಬೇಕಲೈಟಿನ ಬ್ರೋಚನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿದರೆ ಔಷಧದಂಥ ಕಟುವಾಸನೆ ಬರುತ್ತದೆ. ಅಮೆರಿಕದ ಕೃತಕಾಭರಣಗಳ ಬೆನ್ನಿನ ಮೇಲೆ ವೃತ್ತದೊಳಗಿನ ‘ಸಿ’ ಅಕ್ಷರ, ಎಂದರೆ ಕೃತಿಸ್ವಾಮ್ಯದ ಗುರುತು, ಕಂಡರೆ ಅದು ಬಹುಪಾಲು 1955ರ ಈಚಿನದು. ಕೃತಕಾಭರಣದ ವಿನ್ಯಾಸಕ್ಕೂ ಕೃತಿಸ್ವಾಮ್ಯವುಂಟೆಂದು ಅಲ್ಲಿನ ನ್ಯಾಯಾಲಯ ಒಪ್ಪಿದ್ದು ಆ ವರ್ಷ.

ಕೂದಲೆಳೆಯಲ್ಲಿ ಉಳಿದ ನೆನಪು

ಬೆನ್ನಿನ ಓದು ಕೇವಲ ಬೆಲೆಯ ಲೆಕ್ಕವಾಗಿ ಮುಗಿಯುವುದಿಲ್ಲ. 1861ರ ಡಿಸೆಂಬರಿನಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ, 1901ರಲ್ಲಿ ತಾನು ಕಣ್ಣುಮುಚ್ಚುವವರೆಗೂ ಶೋಕದ ಕಪ್ಪುಡುಗೆಯನ್ನು ಬಿಡಲಿಲ್ಲ. ಅರಮನೆಯ ರೂಢಿ ಮನೆಮನೆಗೆ ಇಳಿಯಿತು. ಯಾರ್ಕ್‌ಶೈರಿನ ಕಡಲೂರಾದ ವಿಟ್ಬಿಯಲ್ಲಿ ದೊರೆಯುವ ‘ಜೆಟ್’ ಎಂಬ ಕರಿಯ ವಸ್ತುವಿನ ಬ್ರೋಚುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಜೆಟ್ ಕಲ್ಲಲ್ಲ, ಕೋಟ್ಯಂತರ ವರ್ಷ ಹೂತು ಮಾರ್ಪಟ್ಟ ಮರ. ಅದು ಹಗುರ, ಮುಟ್ಟಿದರೆ ತಣ್ಣಗಿರದು. ಅದರಂತೆಯೇ ಕಾಣುವ ಕರಿಗಾಜು ಭಾರ, ಮುಟ್ಟಿದರೆ ತಂಪು. ಅಂಗೈಯೇ ಇಲ್ಲಿ ಒರೆಗಲ್ಲು.

ಅದೇ ಕಾಲದ ಇನ್ನೊಂದು ಬಗೆಯೆಂದರೆ ಅಗಲಿದವರ ಕೂದಲನ್ನು ಹೆಣೆದು ಗಾಜಿನಡಿ ಕೂಡಿಸಿದ ಬ್ರೋಚು. ಅದರ ಬೆನ್ನಿನಲ್ಲಿ ಹೆಸರನ್ನೂ ಸತ್ತ ದಿನವನ್ನೂ ವಯಸ್ಸನ್ನೂ ಕೆತ್ತಿಸುತ್ತಿದ್ದರು. ಎಳೆಯ ಮಗುವಿನ ನೆನಪಾದರೆ ಕರಿಯ ಎನಾಮಲ್ಲಿಗೆ ಬದಲು ಬಿಳಿಯದನ್ನು ಬಳಸುವ ವಾಡಿಕೆಯಿತ್ತು. ಇಂಥ ಬ್ರೋಚುಗಳು ಇಂದು ಸಂತೆಯ ಹಲಗೆಯ ಮೇಲೆ ಬಂದು ಕುಳಿತಿವೆ. ಹೆಸರಿದೆ, ಆ ಹೆಸರಿನವರನ್ನು ಬಲ್ಲವರಿಲ್ಲ. ಕೆಲವರಿಗೆ ಇವನ್ನು ಧರಿಸಲು ಮನಸ್ಸು ಬಾರದು. ಕೆಲವರು, ಮರೆತುಹೋದ ಜೀವವೊಂದಕ್ಕೆ ಮತ್ತೆ ಎಡೆಕೊಟ್ಟಂತಾಯಿತೆಂದು ಧರಿಸುತ್ತಾರೆ. ಯಾವುದೂ ತಪ್ಪಲ್ಲ. ಕೂದಲನ್ನು ತೆಗೆದೆಸೆದು, ಕೆತ್ತನೆಯನ್ನು ಉಜ್ಜಿಹಾಕಿ, ಬರಿಯ ಚೌಕಟ್ಟನ್ನು ಮಾರುವುದು ಮಾತ್ರ ತಪ್ಪು.

ಸೆರಗಿನ ಮೇಲೆ

ಈ ಒಡವೆ ಭಾರತದ ಮನೆಗಳಿಗೆ ಹೊಕ್ಕದ್ದು ಸೀರೆಯ ಸೆರಗನ್ನು ಹಿಡಿದು. ಐ.ಸಿ.ಎಸ್. ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನೀ ದೇವಿ, ಪತಿಯೊಡನೆ ಮುಂಬಯಿಗೆ ಬಂದಾಗ ಪಾರಸಿ ಮಹಿಳೆಯರು ಸೀರೆಯುಡುವ ರೀತಿಯನ್ನು ಕಂಡು, ಅದನ್ನು ತಿದ್ದಿಕೊಂಡು, ಸೆರಗನ್ನು ಎಡಹೆಗಲ ಮೇಲೆ ಬ್ರೋಚಿನಿಂದ ನಿಲ್ಲಿಸುವ ಉಡುಗೆಯನ್ನು ಬಂಗಾಳದಲ್ಲಿ ರೂಢಿಗೆ ತಂದರು. ಸತ್ಯೇಂದ್ರನಾಥರು ಮುಂದೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದುದೂ, ತಮ್ಮ ರವೀಂದ್ರನಾಥರು 1883ರಲ್ಲಿ ಅಲ್ಲಿಗೆ ಬಂದು ತಂಗಿದ್ದುದೂ ಕನ್ನಡಿಗರಿಗೆ ತಿಳಿದ ಸಂಗತಿ. ರವಿಕೆ ತೊಟ್ಟು, ಬ್ರೋಚು ಚುಚ್ಚಿದ ಮಹಿಳೆ ಸಭೆಗೂ ಶಾಲೆಗೂ ನಿಸ್ಸಂಕೋಚವಾಗಿ ನಡೆದು ಬರಬಹುದಾಯಿತು. ಯುರೋಪಿನಲ್ಲಿ ಶೃಂಗಾರವಾಗಿಬಿಟ್ಟಿದ್ದ ಸೂಜಿ, ಸೀರೆಯ ಮೇಲೆ ತನ್ನ ಮೂಲ ಕಸಬಿಗೆ ಮರಳಿತು.

ಧರಿಸುವವರು ಕೆಲವು ಮಾತು ನೆನಪಿಡಬೇಕು. ಭಾರವಾದ ಬ್ರೋಚು ತೆಳುರೇಷ್ಮೆಯನ್ನು ಹರಿಯುತ್ತದೆ. ನೆರಿಗೆಗಳನ್ನು ಒಟ್ಟುಗೂಡಿಸಿ, ಒಳಗಡೆ ದಪ್ಪಬಟ್ಟೆಯ ಚಿಕ್ಕ ತುಂಡನ್ನಿಟ್ಟು ಚುಚ್ಚಿದರೆ ಎಳೆತ ಅದರ ಮೇಲೆ ಬೀಳುತ್ತದೆ. ಬೀಗವಿಲ್ಲದ ಕೊಂಡಿಯ ಬ್ರೋಚನ್ನು ಜನಸಂದಣಿಗೆ ತೊಟ್ಟು ಹೋಗುವುದು ಕಳೆದುಕೊಳ್ಳುವುದಕ್ಕೆ ಸಮ. ಹರಳಿನ ಹಿಂದೆ ಬೇಗಡೆಯಿಟ್ಟು ಕೂಡಿಸಿದ್ದರೆ ನೀರು ತಾಗಿಸಲೇಬಾರದು. ಬೇಗಡೆ ಕಪ್ಪಿಟ್ಟು ಹರಳು ಸತ್ತಂತಾಗುತ್ತದೆ. ಕೂದಲಿನ ಬ್ರೋಚಿಗೂ ನೀರು ಶತ್ರು. ಮುತ್ತಿದ್ದರೆ ಅತ್ತರು, ಪೌಡರುಗಳನ್ನೆಲ್ಲ ಮುಗಿಸಿ ಕೊನೆಯಲ್ಲಿ ಧರಿಸುವುದು ಲೇಸು. ಹಾಗೆಯೇ, ಒಂದು ಹೆಗಲಿಗೆ ಒಂದೇ ಬ್ರೋಚು ಸಾಕು. ಅದು ಮಾತಾಡುವಾಗ ಕೊರಳಿನ ಹಾರ ಮೌನವಾಗಿದ್ದರೆ ಚೆಲುವು.

ಬ್ರೋಚು ಮಾತಾಡುವುದೆಂಬುದು ಬರಿಯ ಅಲಂಕಾರದ ನುಡಿಯಲ್ಲ. ಅಮೆರಿಕದ ವಿದೇಶಾಂಗ ಸಚಿವೆಯಾದ ಮೊದಲ ಮಹಿಳೆ ಮೆಡಲೀನ್ ಆಲ್‌ಬ್ರೈಟ್ ವಿಶ್ವಸಂಸ್ಥೆಯಲ್ಲಿದ್ದಾಗ, ಇರಾಕಿನ ಸರ್ಕಾರಿ ಪತ್ರಿಕೆಯೊಂದು ಆಕೆಯನ್ನು ಸರ್ಪವೆಂದು ಜರೆಯಿತು. ಆಕೆ ಮರುಮಾತಾಡಲಿಲ್ಲ, ಮುಂದೆ ಇರಾಕಿನವರೊಡನೆ ಸಭೆ ಸೇರಿದಾಗ ಹಾವಿನ ಬ್ರೋಚನ್ನು ಧರಿಸಿ ಬಂದರು. 2009ರಲ್ಲಿ ತಮ್ಮ ಬ್ರೋಚುಗಳನ್ನು ಕುರಿತು ಅವರು ಪುಸ್ತಕವನ್ನೇ ಬರೆದರು.

ಕರಗಿಸುವ ಮುನ್ನ

ಅಜ್ಜಿಯ ಕಾಲದ ಬ್ರೋಚು ಎಷ್ಟೋ ಮನೆಗಳ ಪೆಟ್ಟಿಗೆಯ ಮೂಲೆಯಲ್ಲಿ, ಅರಿಸಿನ ಕುಂಕುಮದ ಡಬ್ಬಿಯ ಪಕ್ಕದಲ್ಲಿ, ಯಾರ ಗಮನಕ್ಕೂ ಬಾರದೆ ಬಿದ್ದಿರುತ್ತದೆ. ಮೊಮ್ಮಗಳ ಮದುವೆಗೆ ಒಡವೆ ಮಾಡಿಸುವಾಗ ಅದೂ ಹಳೆಯ ಚಿನ್ನದ ಗಂಟು ಸೇರಿ ಅಕ್ಕಸಾಲಿಗನ ಮೂಸೆಗೆ ಹೋಗುತ್ತದೆ. ತಕ್ಕಡಿಯಲ್ಲಿ ಅದು ತೂಗುವುದು ಕೆಲವೇ ಗ್ರಾಂ. ಮೂಸೆಯಲ್ಲಿ ಕರಗುವುದು ಅಷ್ಟೇ ಅಲ್ಲ; ಅದರ ಕೊಂಡಿ, ಮುದ್ರೆ, ಸವೆದ ಸೂಜಿ, ಎಂದರೆ ಅದನ್ನು ಬಲ್ಲ ಸಾಕ್ಷಿಗಳೆಲ್ಲ ಕರಗುತ್ತವೆ.

ಆದ್ದರಿಂದ ಮನೆಯಲ್ಲಿ ಇಂಥದೊಂದು ಇದ್ದರೆ ಮೊದಲು ತಿರುಗಿಸಿ ನೋಡುವುದು ಒಳ್ಳೆಯದು. ಸೂಜಿ ಸಡಿಲವಾಗಿದ್ದರೆ ಬಲ್ಲವರಿಂದ ಬಿಗಿಮಾಡಿಸಬಹುದು. ಹಳೆಯ ಕೊಂಡಿಯನ್ನು ಕಿತ್ತು ಹೊಸದನ್ನು ಬೆಸೆಯಿಸುವ ಅವಸರ ಬೇಡ. ಬಳಿಕ ಮನೆಯ ಹಿರಿಯರನ್ನು ಕೇಳಿ, ಅದು ಯಾರದು, ಎಲ್ಲಿಂದ ಬಂತು, ಯಾವ ಶುಭದಿನದಂದು ತೊಟ್ಟದ್ದು ಎಂಬ ನಾಲ್ಕು ಸಾಲನ್ನು ಚೀಟಿಯಲ್ಲಿ ಬರೆದು ಅದರೊಡನೆ ಇಡಬೇಕು. ಲಂಡನ್ನಿನ ಸಂತೆಯಲ್ಲಿ ಕುಳಿತಿರುವ ಆ ಶೋಕದ ಬ್ರೋಚುಗಳಿಗೆ ಬೆನ್ನಿನ ಮೇಲೆ ಹೆಸರಿತ್ತು, ಹೇಳುವವರಿರಲಿಲ್ಲ. ಹೇಳುವವರು ಇನ್ನೂ ಇರುವ ಮನೆಯಲ್ಲಿ ಅದನ್ನು ಇಂದೇ ಕೇಳಿ ಬರೆದಿಡುವುದು ಮೇಲು.