ಎರಡೂ ಸೊಂಟದ ಕೀಲಿಗೆ ಒಂದೇ ಶಸ್ತ್ರಚಿಕಿತ್ಸೆ

ದರೆ ಹತ್ತಿ, ಸಂಕ ದಾಟಿ ತೋಟ ತಿರುಗುವ ನಮಗೆ ಕಾಲೇ ಬಂಡವಾಳ. ಸೊಂಟದ ಎರಡೂ ಕೀಲು ಸವೆದವರಿಗೆ ಅವನ್ನು ಒಂದೇ ಸಲ ಬದಲಾಯಿಸಬಹುದೇ ಎಂಬ ಪ್ರಶ್ನೆ ಸಹಜ. ಸದಸ್ಯ ಬಾಂಧವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಟ್ಟಿದ್ದೇವೆ.

ಈ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ಕೆಲವೊಮ್ಮೆ ಮಂಡಿಯಲ್ಲಿ ಕಾಣಿಸುತ್ತದೆ. ವಯಸ್ಸಿನ ಸವೆತ ಮತ್ತು ಸಂಧಿವಾತ ಇದಕ್ಕೆ ಸಾಮಾನ್ಯ ಕಾರಣಗಳು. ಸ್ಟೀರಾಯ್ಡ್ ಔಷಧಿ ಅಥವಾ ಅತಿಯಾದ ಮದ್ಯಪಾನದಿಂದ ತೊಡೆಮೂಳೆಯ ತಲೆಗೆ ರಕ್ತಸಂಚಾರ ನಿಂತರೂ ಕೀಲು ಕೆಡುತ್ತದೆ. ಆಗ ಎರಡೂ ಬದಿ ಕೆಡುವುದೇ ಹೆಚ್ಚು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯೂ ಸೊಂಟದ ಕೀಲುಗಳನ್ನು ಹಿಡಿಯುವಂಥದೇ.

ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿಯವರು 1962ರಲ್ಲಿ ಬಳಕೆಗೆ ತಂದ ಲೋಹದ ಗುಂಡು ಮತ್ತು ಪಾಲಿಎಥಿಲೀನ್ ಬಟ್ಟಲಿನ ಕೀಲೇ ಇಂದಿನ ಕೀಲುಗಳಿಗೆ ತಳಹದಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 100 ಕೃತಕ ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ.

ಎರಡನ್ನೂ ಒಟ್ಟಿಗೆ ಮಾಡಿದರೆ ಅರಿವಳಿಕೆ ಒಂದೇ ಸಲ, ಆಸ್ಪತ್ರೆವಾಸ ಒಂದೇ ಸಲ, ಖರ್ಚೂ ಒಟ್ಟಿನಲ್ಲಿ ಕಡಿಮೆ. ಎರಡೂ ಕೀಲು ಬಾಗಿ ಬಿಗಿದುಕೊಂಡಿದ್ದರೆ ಇನ್ನೊಂದು ಲಾಭವೂ ಉಂಟು. ಒಂದನ್ನೇ ಸರಿಪಡಿಸಿದರೆ ಉಳಿದ ಕೆಟ್ಟ ಕಾಲು ನಡಿಗೆಯ ಅಭ್ಯಾಸಕ್ಕೆ ಅಡ್ಡಿಯಾಗುತ್ತದೆ.

ಆದರೆ ರಕ್ತಸ್ರಾವ ಹೆಚ್ಚು. ರಕ್ತ ಕೊಡಬೇಕಾದ ಸಂದರ್ಭಗಳೂ ಹೆಚ್ಚು. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವನ್ನು ಅಲಕ್ಷಿಸಲಾಗದು. ಆದುದರಿಂದ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ, ತೀರಾ ವಯಸ್ಸಾದವರಿಗೆ, ಕೆಲವು ತಿಂಗಳ ಅಂತರದಲ್ಲಿ ಎರಡು ಸಲ ಮಾಡುವುದೇ ಲೇಸು. "ಕೊಯ್ಲಿಗೆ ಮುಂಚೆ ಎರಡೂ ಮುಗಿದುಹೋಗಲಿ" ಎಂದು ವೈದ್ಯರನ್ನು ಒತ್ತಾಯಿಸುವುದು ಸಲ್ಲದು. ಒಂದು ವರ್ಷದ ಫಸಲು ಜೀವಕ್ಕಿಂತ ದೊಡ್ಡದಲ್ಲ.

ಕಾಲ ಗೊತ್ತುಮಾಡುವಾಗ ಮುಂಗಾರಿಗೆ ಕನಿಷ್ಠ ಮೂರು ತಿಂಗಳು ಉಳಿದಿರಲಿ. ಮೊದಲ ತಿಂಗಳುಗಳಲ್ಲಿ ಕೀಲು ಜಾರುವ ಭಯ ಹೆಚ್ಚು. ಪಾಚಿಗಟ್ಟಿದ ಅಂಗಳದಲ್ಲಿ ಕಾಲು ಜಾರಿದರೆ ಮಾಡಿಸಿದ್ದೆಲ್ಲ ವ್ಯರ್ಥವಾದೀತು. ಕೆಸರುಹುಣ್ಣು, ಹಲ್ಲಿನ ಕೀವು, ಮೂತ್ರದ ಸೋಂಕುಗಳನ್ನು ಮೊದಲೇ ಗುಣಪಡಿಸಿಕೊಳ್ಳಬೇಕು. ಹೊಸ ಕೀಲಿಗೆ ಸೋಂಕು ತಗಲಿದರೆ ಮತ್ತೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಮನೆಯಲ್ಲಿ ಎತ್ತರದ ಕಮೋಡು, ಹಿಡಿದುಕೊಳ್ಳಲು ಗೋಡೆಗೆ ಸರಳು ಹಾಕಿಸಿಡಿ. ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ವಾಕರ್ ಹಿಡಿದು ನಡೆಸುತ್ತಾರೆ. ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು, ಮೂಟೆ ಹೊರುವುದನ್ನು ವೈದ್ಯರ ಅಪ್ಪಣೆಯಿಲ್ಲದೆ ಮಾಡಕೂಡದು.

ಹಣದ ವಿಚಾರ. ಸಹಕಾರಿ ಸದಸ್ಯರ ಯಶಸ್ವಿನಿ ಯೋಜನೆ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದಿದೆ. ದಾಖಲಾಗುವ ಮೊದಲು ಆಸ್ಪತ್ರೆಯಲ್ಲಿ ಮೂರು ಪ್ರಶ್ನೆ ಕೇಳಿ, ಲಿಖಿತ ಉತ್ತರ ಪಡೆಯಿರಿ: ಈ ಚಿಕಿತ್ಸೆ ಯೋಜನೆಯಲ್ಲಿ ಸೇರಿದೆಯೇ? ಕೀಲಿನ ಬೆಲೆಯೂ ಸೇರಿದೆಯೇ? ಎರಡೂ ಬದಿಗೆ ಒಟ್ಟಿಗೆ ಮಂಜೂರಾತಿ ದೊರೆಯುವುದೇ? ಯಶಸ್ವಿನಿಗೆ ಹೆಸರು ನೋಂದಾಯಿಸುವುದನ್ನು ನೋವು ಬರುವವರೆಗೆ ಮುಂದೂಡಬಾರದಾಗಿ ಸದಸ್ಯರಲ್ಲಿ ವಿನಂತಿ.